ಎಲೆ ಬಂತು, ಅವನು ಗೆದ್ದ

ಹಾಸ್ಟೆಲಿನಲ್ಲಿ ಎರಡು ವರ್ಷ ನನ್ನ ಜೊತೆ ಕೋಣೆ ಹಂಚಿಕೊಂಡಿದ್ದ ಗೆಳೆಯನ ಬಳಿ ಒಂದು ನೋಟ್‌ಬುಕ್ ಇತ್ತು. ಇನ್ನೂರು ಪುಟದ್ದು, ರಟ್ಟಿನ ಹೊದಿಕೆ. ಅವನು ರಸಾಯನಶಾಸ್ತ್ರದ ಸಂಶೋಧಕ, ಹಾಗಾಗಿ ಲ್ಯಾಬಿನ ಲೆಕ್ಕವಿರಬೇಕು ಎಂದುಕೊಂಡಿದ್ದೆ. ಒಂದು ದಿನ ಅವನೇ ಓದಲು ಕೊಟ್ಟ. ಅದರ ತುಂಬ ಇದ್ದದ್ದು ಅವನು ಮೊಬೈಲಿನಲ್ಲಿ ಆಡಿದ ಪೋಕರ್ ಆಟಗಳ ಕಥೆ. ಕಥೆ ಎಂಬ ಪದವನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ಪ್ರತಿ ಬರಹವೂ ಅವನು ಇನ್ನೇನು ಮುಳುಗಿದ ಎನ್ನುವಲ್ಲಿ ಶುರುವಾಗುತ್ತಿತ್ತು. ನಡುವೆ ಒಂದು ಎಲೆ ಬೀಳುತ್ತಿತ್ತು. ಕೊನೆಗೆ ಅವನು ಮೇಜಿನ ಅತಿ ದೊಡ್ಡ ರಾಶಿಯ ಹಿಂದೆ ಕೂತಿರುತ್ತಿದ್ದ. ಇಂಥವು ನಲವತ್ತೋ ಐವತ್ತೋ. ಸೋತು ಮಲಗಿದ ರಾತ್ರಿ ಒಂದೂ ಇರಲಿಲ್ಲ. ಅವನು ಸುಳ್ಳು ಬರೆದಿದ್ದಾನೆ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಬರೆದಿಡಲು ಯೋಗ್ಯ ಎಂದು ಅವನಿಗೆ ತೋರಿದ್ದು ಅವಷ್ಟೇ.

ಆ ನೋಟ್‌ಬುಕ್ಕಿನ ದೆಸೆಯಿಂದ ನಾನು ಪೋಕರ್ ಕುರಿತ ಪುಸ್ತಕಗಳನ್ನು ಹುಡುಕಿ ಓದಿದೆ. ಆಡಲು ಕಲಿಯುವುದಕ್ಕಲ್ಲ, ಆಟದ ನಿಯಮ ನನಗೆ ಬರುತ್ತದೆ, ಆಟ ಬರುವುದಿಲ್ಲ. ಸೋಲಿನ ಅಂಚಿನಿಂದ ಮರಳಿ ಬಂದವನ ಅನುಭವ ಯಾಕೆ ಇಷ್ಟು ಸಲೀಸಾಗಿ ಕಥೆಯಾಗಿಬಿಡುತ್ತದೆ, ಹಾಗೆ ಆಗುವಾಗ ನಿರೂಪಕ ಏನನ್ನು ಕೈಬಿಡುತ್ತಾನೆ ಎಂಬುದಷ್ಟೇ ನನ್ನ ಕುತೂಹಲ. ಲಾಸ್ ವೇಗಸ್ಸಿನ ಮೇಜುಗಳ ಸುತ್ತ ನಾಲ್ಕು ದಶಕಗಳಲ್ಲಿ ಬೆಳೆದ ಈ ಬರವಣಿಗೆಯನ್ನು ಒಂದು ಕಥನ ಪ್ರಕಾರವಾಗಿಯೇ ಓದಬಹುದು. ಅದಕ್ಕೆ ತನ್ನದೇ ಪುರಾಣಪುರುಷರಿದ್ದಾರೆ, ತನ್ನದೇ ಸಿದ್ಧ ತಿರುವುಗಳಿವೆ, ತನ್ನದೇ ಮೌನಗಳೂ ಇವೆ.

ಮೊದಲು ಒಂದು ವ್ಯಾಕರಣದ ಮಾತು. ಇಸ್ಪೀಟಿನ ಮುಂದೆ ಕೂತ ಕನ್ನಡಿಗನ ವಾಕ್ಯಗಳನ್ನು ಗಮನಿಸಿ. ‘ನನಗೆ ಎಲೆ ಬೀಳಲಿಲ್ಲ’, ‘ಅವನಿಗೆ ಎಕ್ಕ ಬಂತು’, ‘ಅವನಿಗೆ ಅದೃಷ್ಟ ಖುಲಾಯಿಸಿತು’. ಹಸಿವು, ನಿದ್ದೆ, ಜ್ವರ ಇವೆಲ್ಲ ನಮ್ಮ ಭಾಷೆಯಲ್ಲಿ ಮನುಷ್ಯನಿಗೆ ಬರುತ್ತವೆ. ಅವನು ಅವನ್ನು ಮಾಡುವುದಿಲ್ಲ. ಎಲೆಯೂ ಹಾಗೇ. ಅಲ್ಲಿ ಮನುಷ್ಯ ಚತುರ್ಥಿ ವಿಭಕ್ತಿಯಲ್ಲಿ ಕೈಯೊಡ್ಡಿ ನಿಂತಿರುತ್ತಾನೆ. ಆದರೆ ಆಟ ಮುಗಿದದ್ದೇ ತಡ, ವಾಕ್ಯ ಬದಲಾಗುತ್ತದೆ: ‘ಅವನು ಗೆದ್ದ’. ಎಲೆಯನ್ನು ಪಡೆದವನು ಈಗ ಕರ್ತೃವಾಗಿದ್ದಾನೆ. ಪೋಕರ್‌ನ ಕಮ್‌ಬ್ಯಾಕ್ ಕಥೆಗಳು ಮಾಡುವ ಕೆಲಸವೆಲ್ಲ ಈ ಎರಡು ವಾಕ್ಯಗಳ ನಡುವೆ ನಡೆಯುತ್ತದೆ ಎಂದು ನನಗನ್ನಿಸುತ್ತದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಪಂದ್ಯಾವಳಿಗಳಲ್ಲಿ ಆಡುವ ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬನಿಗೂ ಎರಡು ಎಲೆ ಗುಟ್ಟಾಗಿ ಸಿಗುತ್ತವೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಹಂತ ಹಂತವಾಗಿ ತೆರೆಯುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಆ ಕೊನೆಯ ಎಲೆಗೆ ರಿವರ್ ಎಂದು ಹೆಸರು. ಈ ಏಳರಲ್ಲಿ ಅತ್ಯುತ್ತಮವಾದ ಐದನ್ನು ಜೋಡಿಸಬೇಕು. ಪ್ರತಿ ಹಂತದಲ್ಲೂ ಪಣ ಏರಿಸಬಹುದು, ಬಿಟ್ಟು ಹೋಗಬಹುದು, ಇದ್ದದ್ದನ್ನೆಲ್ಲ ಒಮ್ಮೆಗೇ ಒಡ್ಡಬಹುದು. ಎಲ್ಲವನ್ನೂ ಒಡ್ಡುವುದೇ ‘ಆಲ್ ಇನ್’. ಹಾಗೆ ಒಡ್ಡಿದ ಮೇಲೆ ಮಾಡಲು ಏನೂ ಉಳಿದಿರುವುದಿಲ್ಲ. ಎಲೆ ಬೀಳುವುದನ್ನು ನೋಡುತ್ತ ಕೂರಬೇಕು.

ಈ ಪ್ರಕಾರದ ಮೂಲಕಥೆ 1982ರದು. ವರ್ಲ್ಡ್ ಸೀರೀಸ್ ಆಫ್ ಪೋಕರ್ ಆಗ ಲಾಸ್ ವೇಗಸ್ಸಿನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ನಡೆಯುತ್ತಿತ್ತು. ಮುಖ್ಯ ಪಂದ್ಯದ ಪ್ರವೇಶಶುಲ್ಕ 10,000 ಡಾಲರ್. ಆ ವರ್ಷ 104 ಜನ ಕೂತಿದ್ದರು. ಟೆಕ್ಸಾಸ್‌ನ ಜ್ಯಾಕ್ ಸ್ಟ್ರಾಸ್ ಆಳೆತ್ತರ ಮೀರಿದ ಮನುಷ್ಯ, ‘ಟ್ರೀಟಾಪ್’ ಎಂದೇ ಕರೆಯುತ್ತಿದ್ದರು. ಅವನು ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿ ಆ ಕೈಯನ್ನು ಸೋತ. ಏಳಲು ಹೊರಟಾಗ ನ್ಯಾಪ್‌ಕಿನ್ನಿನ ಅಡಿಯಲ್ಲಿ 500ರ ಒಂದು ಬಿಲ್ಲೆ ಉಳಿದಿತ್ತು. ‘ಆಲ್ ಇನ್’ ಎಂದು ಬಾಯಿಬಿಟ್ಟು ಹೇಳಿರಲಿಲ್ಲವಾದ್ದರಿಂದ ಆಟ ಮುಂದುವರಿಸಬಹುದು ಎಂದಾಯಿತು. ಅಲ್ಲಿಂದ ಹಿಡಿದು ಅವನು ಪಂದ್ಯವನ್ನೇ ಗೆದ್ದ, 5,20,000 ಡಾಲರ್ ಬಹುಮಾನ. ‘ಒಂದು ಬಿಲ್ಲೆ, ಒಂದು ಕುರ್ಚಿ ಇದ್ದರೆ ಸಾಕು’ ಎಂದು ಪೋಕರ್ ಆಡುವವರೆಲ್ಲ ಹೇಳುವ ಮಾತು ಈ ಕಥೆಗೆ ಅಂಟಿಕೊಂಡೇ ಬರುತ್ತದೆ.

ಜನಪದ ಕಥೆಗಳನ್ನು ಓದಿದವರಿಗೆ ಇದರ ಮೈಕಟ್ಟು ಪರಿಚಿತವೇ. ಎಲ್ಲ ಕಳೆದುಕೊಂಡವನ ಸೆರಗಿನ ತುದಿಯಲ್ಲಿ ಒಂದು ಕಾಸು ಉಳಿದಿರುತ್ತದೆ. ಜನಪದ ಕಥೆಯಂತೆಯೇ ಇದರ ವಿವರಗಳೂ ಹೇಳುವವರ ಬಾಯಲ್ಲಿ ಬದಲಾಗುತ್ತವೆ: ಬಿಲ್ಲೆ ನ್ಯಾಪ್‌ಕಿನ್ನಿನ ಅಡಿಯಲ್ಲಿತ್ತು, ಅಲ್ಲ, ಮೇಜಿನ ಅಂಚಿನ ಸಂದಿಯಲ್ಲಿತ್ತು. ಬದಲಾಗದೆ ಉಳಿಯುವುದು ಬಿಲ್ಲೆ ಒಂದೇ ಎಂಬ ಸಂಖ್ಯೆ. ಕೇಳುಗನಿಗೆ ಬೇಕಾದದ್ದೂ ಅದೇ.

ಲೆಕ್ಕ ಹಾಕಿದರೆ ಇನ್ನೊಂದು ಸೌಂದರ್ಯ ಕಾಣುತ್ತದೆ. 104 ಜನ, ತಲಾ 10,000. ಪಂದ್ಯದಲ್ಲಿದ್ದ ಒಟ್ಟು ಬಿಲ್ಲೆಗಳ ಮೊತ್ತ 10,40,000. ಐನೂರನ್ನು ಹನ್ನೊಂದು ಸಲ ಇಮ್ಮಡಿಸಿದರೆ 10,24,000. ಅಂದರೆ ಹೆಚ್ಚು ಕಡಿಮೆ ಹನ್ನೊಂದು ಸಲ ಎಲ್ಲವನ್ನೂ ಒಡ್ಡಿ ಹನ್ನೊಂದು ಸಲವೂ ಗೆದ್ದರೆ ಇಡೀ ಮೇಜು ನಿಮ್ಮದು. ಪ್ರತಿ ಸಲವೂ ಗೆಲುವು ಸೋಲು ಸಮ ಎಂದುಕೊಂಡರೆ ಇದು ಆಗುವ ಸಾಧ್ಯತೆ 2,048ರಲ್ಲಿ ಒಂದು. ಅಪರೂಪ ನಿಜ, ಪವಾಡವಲ್ಲ. ಅರವತ್ತನಾಲ್ಕು ಮನೆಯ ಅಕ್ಕಿಕಾಳಿನ ಕಥೆ ಕೇಳಿದವರಿಗೆ ಇಮ್ಮಡಿಯ ಹಸಿವು ಗೊತ್ತಿರುತ್ತದೆ. ಟೂರ್ನಮೆಂಟ್ ಪೋಕರ್ ಈ ಇಮ್ಮಡಿಯ ಮೇಲೆ ಕಟ್ಟಿದ ಯಂತ್ರ. ನನ್ನ ಬಳಿ 500 ಮಾತ್ರ ಇದ್ದರೆ, ಎದುರಿನವನು ಲಕ್ಷ ಒಡ್ಡಿದರೂ ನನ್ನಿಂದ ಹೋಗುವುದು ಐನೂರೇ. ಬಡವನನ್ನು ಹಣದ ಬಲದಿಂದ ಮೇಜು ಬಿಡಿಸಲಾಗದು. ಹೊತ್ತು ಕಳೆದಂತೆ ಕಡ್ಡಾಯವಾಗಿ ಇಡಬೇಕಾದ ಪಣ, ಅಂದರೆ ಬ್ಲೈಂಡ್, ಏರುತ್ತ ಹೋಗುತ್ತದೆ. ಹಾಗಾಗಿ ಸುಮ್ಮನೆ ಕೂತು ಉಳಿಯುವುದೂ ಸಾಧ್ಯವಿಲ್ಲ. ಅಪಾಯಕ್ಕೆ ಇಳಿಯಲೇಬೇಕು. ಅಂದರೆ ಕಮ್‌ಬ್ಯಾಕ್ ಎಂಬುದು ಈ ಆಟದಲ್ಲಿ ಆಕಸ್ಮಿಕವಾಗಿ ನಡೆಯುವ ಸಂಗತಿಯಲ್ಲ. ಆಟದ ರಚನೆಯೇ ಅದನ್ನು ಆಗಾಗ ಹೆರುತ್ತಿರುತ್ತದೆ.

ಆ ರಚನೆಯ ಇನ್ನೊಂದು ಗುಣ ನನ್ನ ವಾದಕ್ಕೆ ಮುಖ್ಯ. ಇಂಥ ಪಂದ್ಯದಲ್ಲಿ ಕಳೆದುಕೊಳ್ಳುವುದಕ್ಕೆ ಒಂದು ಗೋಡೆ ಇದೆ. ಪ್ರವೇಶಶುಲ್ಕ ಕೊಟ್ಟ ಮೇಲೆ ಕೈಯಲ್ಲಿರುವ ಬಿಲ್ಲೆಗಳಿಗೆ ಹೊರಗೆ ಬೆಲೆಯಿಲ್ಲ. ಅವು ಮುಗಿದರೆ ಆಟ ಮುಗಿಯಿತು. ಈಗ ಎಷ್ಟೋ ಪಂದ್ಯಗಳಲ್ಲಿ ಮತ್ತೆ ಶುಲ್ಕ ಕಟ್ಟಿ ಒಳಬರಬಹುದು; ಆದರೆ ವರ್ಲ್ಡ್ ಸೀರೀಸ್‌ನ ಮುಖ್ಯ ಪಂದ್ಯದಲ್ಲಿ ಇವತ್ತಿಗೂ ಹೋದವನು ಹೋದ. ಸ್ಟ್ರಾಸ್‌ನ ಒಂಟಿ ಬಿಲ್ಲೆಗೆ ಅರ್ಥ ಬಂದದ್ದು ಅದರ ಆಚೆ ಏನೂ ಇರಲಿಲ್ಲ ಎಂಬ ಕಾರಣಕ್ಕೆ. ಕ್ಯಾಶ್ ಗೇಮ್ ಎನ್ನುವ ದಿನನಿತ್ಯದ ಹಣದಾಟದಲ್ಲಿ ಈ ಗೋಡೆ ಇಲ್ಲ. ಅಲ್ಲಿ ಬಿಲ್ಲೆ ಮುಗಿದರೆ ಜೇಬಿದೆ, ಜೇಬು ಮುಗಿದರೆ ಬ್ಯಾಂಕಿದೆ, ಅದು ಮುಗಿದರೆ ಗೆಳೆಯರಿದ್ದಾರೆ. ಗೋಡೆಯೊಳಗೆ ಹುಟ್ಟಿದ ಕಥೆಯನ್ನು ಗೋಡೆಯಿಲ್ಲದ ಬಯಲಿಗೆ ಒಯ್ದಾಗ ಅದರ ಅರ್ಥವೇ ತಿರುಗುತ್ತದೆ.

ಈಗ 2000ನೇ ಇಸವಿಯ ಕೊನೆಯ ಕೈಗೆ ಬರೋಣ. ಈ ಪ್ರಕಾರದಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟಗಳು ಅದರ ಬಗ್ಗೆ ಇವೆ. ಜೇಮ್ಸ್ ಮೆಕ್‌ಮ್ಯಾನಸ್ ಎಂಬ ಲೇಖಕರನ್ನು ಹಾರ್ಪರ್ಸ್ ಪತ್ರಿಕೆ ಆ ವರ್ಷದ ಪಂದ್ಯಾವಳಿಯ ವರದಿಗೆಂದು ಕಳಿಸಿತ್ತು. ಅವರು ಮುಂಗಡವಾಗಿ ಸಿಕ್ಕ ಹಣದಲ್ಲಿ ಅರ್ಹತಾ ಪಂದ್ಯ ಆಡಿ, ಮುಖ್ಯ ಪಂದ್ಯಕ್ಕೆ ನುಗ್ಗಿ, 512 ಜನರಲ್ಲಿ ಐದನೆಯವರಾಗಿ ಹೊರಬಿದ್ದರು. ‘ಪಾಸಿಟಿವ್ಲಿ ಫಿಫ್ತ್ ಸ್ಟ್ರೀಟ್’ ಎಂಬ ಅವರ ಪುಸ್ತಕ 2003ರಲ್ಲಿ ಬಂತು. ಫಿಫ್ತ್ ಸ್ಟ್ರೀಟ್ ಎಂದರೆ ರಿವರ್‌ನ ಇನ್ನೊಂದು ಹೆಸರು, ಐದನೆಯ ಎಲೆ.

ಕೊನೆಗೆ ಉಳಿದ ಇಬ್ಬರು ಕ್ರಿಸ್ ಫರ್ಗೂಸನ್ ಮತ್ತು ಟಿ.ಜೆ. ಕ್ಲೂಟಿಯರ್. ಫರ್ಗೂಸನ್ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಲೆಕ್ಕದ ಮನುಷ್ಯ. ಕ್ಲೂಟಿಯರ್ ಹಳೆಯ ತಲೆಮಾರಿನವನು, 1985ರಲ್ಲಿ ಇದೇ ಪಂದ್ಯದಲ್ಲಿ ಎರಡನೆಯವನಾಗಿ ಉಳಿದಿದ್ದ. ಇಬ್ಬರೇ ಉಳಿದಾಗ ಫರ್ಗೂಸನ್ ಬಳಿ ಸುಮಾರು ಹತ್ತುಪಟ್ಟು ಹೆಚ್ಚು ಬಿಲ್ಲೆಗಳಿದ್ದವು. ಕ್ಲೂಟಿಯರ್ ಆ ಅಂತರವನ್ನು ಮೆಲ್ಲಮೆಲ್ಲನೆ ಕಡಿದು ಹೆಚ್ಚು ಕಡಿಮೆ ಸಮಕ್ಕೆ ತಂದ. ಅಂದರೆ ಆ ಸಂಜೆಯ ಕಮ್‌ಬ್ಯಾಕ್ ನಿಜಕ್ಕೂ ಅವನದು. ಆಮೇಲೆ ಆ ಕೈ. ಕ್ಲೂಟಿಯರ್ ಬಳಿ ಎಕ್ಕ ಮತ್ತು ರಾಣಿ. ಫರ್ಗೂಸನ್ ಬಳಿ ಎಕ್ಕ ಮತ್ತು 9. ಕ್ಲೂಟಿಯರ್ ಇದ್ದದ್ದನ್ನೆಲ್ಲ ಒಡ್ಡಿದ. ಫರ್ಗೂಸನ್ ಬಹಳ ಹೊತ್ತು ಯೋಚಿಸಿ ಒಪ್ಪಿದ. ಮೇಜಿನ ಮೇಲೆ ಎರಡು, ರಾಜ, ನಾಲ್ಕು, ಮತ್ತೊಂದು ರಾಜ. ಇನ್ನು ಒಂದೇ ಎಲೆ ಬಾಕಿ. ಉಳಿದಿದ್ದ 44 ಎಲೆಗಳಲ್ಲಿ ಫರ್ಗೂಸನ್‌ನನ್ನು ಗೆಲ್ಲಿಸಬಲ್ಲವು ಮೂರೇ, ಮೂರು 9ಗಳು. ರಿವರ್‌ನಲ್ಲಿ 9 ಬಿತ್ತು. ಹದಿನೈದು ಲಕ್ಷ ಡಾಲರ್ ಫರ್ಗೂಸನ್‌ಗೆ.

ಇದನ್ನು ಫರ್ಗೂಸನ್ ಕಡೆಯಿಂದ ಹೇಳಿದರೆ ಕೂದಲೆಳೆಯಲ್ಲಿ ಪಾರಾದ ಕಥೆ. ಕ್ಲೂಟಿಯರ್ ಕಡೆಯಿಂದ ಹೇಳಿದರೆ ಅದಕ್ಕೆ ಪೋಕರ್ ಭಾಷೆಯಲ್ಲಿ ಬೇರೆಯೇ ಹೆಸರಿದೆ: ಬ್ಯಾಡ್ ಬೀಟ್. ಮುಂದಿದ್ದೂ ಸೋತವನ ಅಳಲು. ಎಲೆ ಒಂದೇ, ಪ್ರಕಾರ ಎರಡು. ಮೊದಲನೆಯದನ್ನು ಕೇಳಲು ಜನ ದುಡ್ಡು ಕೊಟ್ಟು ಪುಸ್ತಕ ಕೊಳ್ಳುತ್ತಾರೆ. ಎರಡನೆಯದನ್ನು ಶುರುಮಾಡಿದರೆ ಪಕ್ಕದಲ್ಲಿ ಕೂತವನೂ ಎದ್ದು ಹೋಗುತ್ತಾನೆ. ಪೋಕರ್ ಕೋಣೆಗಳಲ್ಲಿ ಬ್ಯಾಡ್ ಬೀಟ್ ಕಥೆ ಹೇಳುವುದು ಅಸಭ್ಯ ಎಂದೇ ನಡೆದುಬಂದಿದೆ. ಯಾಕೆ? ನೀರಸ ಎಂಬುದು ಸಾಮಾನ್ಯ ಉತ್ತರ. ನನಗನ್ನಿಸುವುದು ಬೇರೆ: ಆ ಕಥೆ ಮೇಜಿನ ಸುತ್ತ ಕೂತವರಿಗೆಲ್ಲ ಅವರ ಕರ್ತೃತ್ವದ ಬಗ್ಗೆ ಅನುಮಾನ ಹುಟ್ಟಿಸುತ್ತದೆ. ಮೆಕ್‌ಮ್ಯಾನಸ್ ಪುಸ್ತಕದ ಹೆಚ್ಚಳ ಇರುವುದು ಇಲ್ಲೇ. ತಾನೂ ಅದೇ ಮೇಜಿನಲ್ಲಿ ಕೂತು ಎದ್ದವನಾದ್ದರಿಂದ ಅವರಿಗೆ ಆ 9 ಇಬ್ಬರ ಕಡೆಯಿಂದಲೂ ಕಾಣುತ್ತದೆ. ಪುಸ್ತಕದ ಇನ್ನರ್ಧ ತುಂಬಿಕೊಂಡಿರುವ ಕೊಲೆ ಮೊಕದ್ದಮೆಯ ವರದಿ ನನಗೆ ಅಷ್ಟು ಹಿಡಿಸಲಿಲ್ಲ, ಅದಿರಲಿ.

ಮೂರು ವರ್ಷಗಳ ನಂತರ ಈ ಪ್ರಕಾರ ಇದ್ದಕ್ಕಿದ್ದಂತೆ ಜಗತ್ತಿನ ತುಂಬ ಹರಡಿತು. 2003ರಲ್ಲಿ ಟೆನೆಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್, ಕಥೆಗಾರ ಇಟ್ಟಿದ್ದರೆ ನಾವು ನಗುತ್ತಿದ್ದ ಹೆಸರು, 86 ಡಾಲರಿನ ಆನ್‌ಲೈನ್ ಅರ್ಹತಾ ಪಂದ್ಯದಿಂದ ಬಂದು 839 ಜನರ ನಡುವೆ ಗೆದ್ದು 25 ಲಕ್ಷ ಡಾಲರ್ ಪಡೆದ. ಮರುವರ್ಷ ಆಡಲು ಬಂದವರು 2,576, 2006ರಲ್ಲಿ 8,773. ಇದಕ್ಕೆ ಟಿವಿಯೂ ಕಾರಣ. ಆಟಗಾರರ ಗುಟ್ಟಿನ ಎಲೆಗಳನ್ನು ತೋರಿಸುವ ಪುಟ್ಟ ಕ್ಯಾಮೆರಾ ಬಂದ ಮೇಲೆ ನೋಡುಗನ ಸ್ಥಾನವೇ ಬದಲಾಗಿತ್ತು. ಅದಕ್ಕೆ ಮುಂಚೆ ಅವನಿಗೆ ಕಾಣುತ್ತಿದ್ದದ್ದು ಮುಖಗಳು ಮತ್ತು ಬಿಲ್ಲೆಗಳು ಮಾತ್ರ. ಈಗ ಪಾತ್ರಗಳಿಗೆ ಗೊತ್ತಿಲ್ಲದ್ದು ಪ್ರೇಕ್ಷಕನಿಗೆ ಗೊತ್ತು. ನಾಟಕೀಯ ವ್ಯಂಗ್ಯ ಎಂದು ನಾವು ತರಗತಿಯಲ್ಲಿ ಓದುವುದು ಇದನ್ನೇ. ಪಾರಾಗುವುದನ್ನು ಕಣ್ಣಾರೆ ಕಾಣಬೇಕಾದರೆ ಬೀಳುತ್ತಿರುವುದು ಮೊದಲು ಕಾಣಬೇಕಲ್ಲ.

ಆ ವರ್ಷದ ಪಂದ್ಯದಲ್ಲಿ ಎರಡು ಕೈಗಳಿವೆ. ಒಂದು, ಫಿಲ್ ಐವಿ ಹತ್ತನೆಯವನಾಗಿ ಹೊರಬಿದ್ದ ಕೈ. ಮನಿಮೇಕರ್ ಬಳಿ ಎಕ್ಕ ಮತ್ತು ರಾಣಿ, ಐವಿ ಬಳಿ ಎರಡು 9. ಮೊದಲ ಮೂರು ಎಲೆಗಳಲ್ಲೇ ಎರಡು ರಾಣಿ ಬಂದು ಮನಿಮೇಕರ್ ಮುಂದಾದ. ನಾಲ್ಕನೆಯದಾಗಿ 9 ಬಂದು ಐವಿಗೆ ಫುಲ್ ಹೌಸ್ ಆಯಿತು. ಹಣವೆಲ್ಲ ನಡುವಿಗೆ ಹೋಯಿತು. ಆಗ 44ರಲ್ಲಿ ಏಳು ಎಲೆ ಮಾತ್ರ ಮನಿಮೇಕರ್‌ನನ್ನು ಕಾಪಾಡಬಹುದಿತ್ತು. ರಿವರ್‌ನಲ್ಲಿ ಎಕ್ಕ ಬಿತ್ತು, ಅವನದು ಇನ್ನೂ ದೊಡ್ಡ ಫುಲ್ ಹೌಸ್. ಎರಡನೆಯದು, ಕೊನೆಯ ಇಬ್ಬರ ಆಟದಲ್ಲಿ ಸ್ಯಾಮ್ ಫಾರ್ಹಾ ಎದುರು ಕೈಯಲ್ಲಿ ಏನೂ ಇಲ್ಲದೆ ಎಲ್ಲವನ್ನೂ ಒಡ್ಡಿ, ಮುಂದಿದ್ದ ಫಾರ್ಹಾ ಎಲೆ ಬಿಸಾಡುವಂತೆ ಮಾಡಿದ್ದು. ಮೊದಲನೆಯದರಲ್ಲಿ ಮನಿಮೇಕರ್‌ಗೆ ಎಲೆ ಬಂತು. ಎರಡನೆಯದರಲ್ಲಿ ಮನಿಮೇಕರ್ ಗೆದ್ದ. ಎಲೆಗೆ ಅಲ್ಲಿ ಕೆಲಸವೇ ಇರಲಿಲ್ಲ. ಅಭಿಮಾನಿಗಳು ಶತಮಾನದ ಬ್ಲಫ್ ಎಂದು ಹಾಡಿ ಹೊಗಳುವುದು ಎರಡನೆಯದನ್ನು. ಆದರೆ ಮೊದಲನೆಯದು ಬೇರೆ ರೀತಿ ಬಿದ್ದಿದ್ದರೆ ಎರಡನೆಯದಕ್ಕೆ ಅವನು ತಲುಪುತ್ತಿದ್ದನೋ ಇಲ್ಲವೋ. ಕಥೆ ಹೇಳುವವರು ಈ ಎರಡು ಕೈಗಳ ನಡುವೆ ‘ಆಮೇಲೆ’ ಎಂಬ ಪದ ಹಾಕುತ್ತಾರೆ. ‘ಆದ್ದರಿಂದ’ ಎಂದು ಹಾಕಬೇಕಾದ ಜಾಗ ಅದು.

ಪೋಕರ್ ಬಗ್ಗೆ ಬರೆದ ಒಳ್ಳೆಯ ಲೇಖಕರಿಗೆ ಈ ತೊಡಕು ಗೊತ್ತಿಲ್ಲ ಎಂದಲ್ಲ. ಎ. ಅಲ್ವಾರೆಜ್ ನಮ್ಮಲ್ಲಿ ಕಾವ್ಯ ಓದುವವರಿಗೆ ಪರಿಚಿತ ಹೆಸರು: ‘ದಿ ನ್ಯೂ ಪೊಯೆಟ್ರಿ’ ಸಂಕಲನದ ಸಂಪಾದಕ, ಸಿಲ್ವಿಯಾ ಪ್ಲಾತ್ ಬಗ್ಗೆ, ಆತ್ಮಹತ್ಯೆಯ ಬಗ್ಗೆ ಬರೆದ ವಿಮರ್ಶಕ. ಅವರ ‘ದಿ ಬಿಗ್ಗೆಸ್ಟ್ ಗೇಮ್ ಇನ್ ಟೌನ್’ 1983ರಲ್ಲಿ ಬಂದರೂ ಅದರಲ್ಲಿರುವುದು 1981ರ ವೇಗಸ್. ಜ್ಯಾಕ್ ಸ್ಟ್ರಾಸ್ ಅಲ್ಲಿದ್ದಾನೆ, ಆದರೆ ಒಂಟಿ ಬಿಲ್ಲೆಯ ಸ್ಟ್ರಾಸ್ ಅಲ್ಲ. ಇದ್ದದ್ದನ್ನೆಲ್ಲ ಒಡ್ಡಿಬಿಡಬಲ್ಲ, ಹಣವನ್ನು ಹಣವೆಂದು ನೋಡದ, ಮಾತುಗಾರ ಮನುಷ್ಯ. ಇವತ್ತು ಆ ಪುಟಗಳನ್ನು ಓದುವಾಗ ನನಗೆ ಒಂದು ಬಗೆಯ ನಿರಾಳ ಆಗುತ್ತದೆ. ಕಥೆ ಇನ್ನೂ ಅವನನ್ನು ನುಂಗಿಲ್ಲ.

ಕೋಲ್ಸನ್ ವೈಟ್‌ಹೆಡ್ ಅವರ ‘ದಿ ನೋಬಲ್ ಹಸಲ್’ 2011ರಲ್ಲಿ ಅವರು ಮುಖ್ಯ ಪಂದ್ಯ ಆಡಿ ಸೋತು ಬಂದದ್ದರ ಬಗ್ಗೆ. ಹಾಸ್ಯ ಚೆನ್ನಾಗಿದೆ, ಕೆಲವು ಕಡೆ ತೀರಾ ಚೆನ್ನಾಗಿದೆ. ತನ್ನ ನಗೆಯನ್ನೇ ಗುರಾಣಿ ಮಾಡಿಕೊಂಡು ಬರೆದ ಪುಸ್ತಕ. ಆದರೂ ಸೋತವನ ಕಥೆ ಪುಸ್ತಕವಾಗಿ ಬಂದದ್ದು ಅವನು ಮೊದಲೇ ಹೆಸರಾಂತ ಕಾದಂಬರಿಕಾರನಾಗಿದ್ದ ಕಾರಣಕ್ಕೆ ಎಂಬುದನ್ನು ಮರೆಯಬಾರದು. ಮರಿಯಾ ಕೊನ್ನಿಕೋವಾ ಅವರದು ಇದಕ್ಕೆ ಉಲ್ಟಾ. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರು ಆಟದ ಗಂಧಗಾಳಿ ಇಲ್ಲದೆ ಎರಿಕ್ ಸೈಡೆಲ್ ಬಳಿ ಪೋಕರ್ ಕಲಿತು, ಬದುಕಿನಲ್ಲಿ ಅದೃಷ್ಟದ ಪಾಲೆಷ್ಟು ಎಂದು ತಿಳಿಯಲು ಹೊರಟರು. ಸೈಡೆಲ್ ಯಾರೆಂದರೆ, 1988ರ ಫೈನಲಿನಲ್ಲಿ ಜಾನಿ ಚಾನ್ ಎದುರು ಸೋತವನು. ‘ರೌಂಡರ್ಸ್’ ಚಿತ್ರದ ನಾಯಕ ಮತ್ತೆ ಮತ್ತೆ ಹಾಕಿ ನೋಡುವ ದೃಶ್ಯದಲ್ಲಿ ಸೋಲುತ್ತಲೇ ಇರುವವನು. ಅಂಥ ಗುರುವಿಗೆ ಶಿಷ್ಯೆ ಒಂದು ಕೈ ಹೇಗೆ ಮುಗಿಯಿತೆಂದು ಹೇಳಹೊರಟರೆ ಅವನಿಗೆ ಆಸಕ್ತಿಯಿಲ್ಲ. ಎಲೆ ಬೀಳುವ ಮುಂಚೆ ನೀನು ಏನು ಯೋಚಿಸಿದೆ ಎಂಬುದಷ್ಟೇ ಅವನಿಗೆ ಬೇಕು. ಈ ಪ್ರಕಾರದಲ್ಲೇ ಅತ್ಯಂತ ಪ್ರಾಮಾಣಿಕವಾದ ವಿಮರ್ಶಾ ತತ್ವ ಇದು: ಅಂತ್ಯವನ್ನು ಕತ್ತರಿಸಿ ಕಥೆಯನ್ನು ತೂಗು. ಆದರೆ 2018ರ ಜನವರಿಯಲ್ಲಿ ಬಹಾಮಾಸ್‌ನಲ್ಲಿ ಕೊನ್ನಿಕೋವಾ 84,600 ಡಾಲರ್ ಗೆದ್ದುಬಿಟ್ಟರು. ಪುಸ್ತಕ ಮುಂದೂಡಲ್ಪಟ್ಟು, 2020ರಲ್ಲಿ ಬಂದಾಗ ಅದರ ಬೆನ್ನೆಲುಬು ಆ ಗೆಲುವೇ ಆಗಿತ್ತು. ಫಲಿತಾಂಶ ನಂಬಬೇಡಿ ಎನ್ನುವ ಪುಸ್ತಕವನ್ನು ನಾವು ಫಲಿತಾಂಶಕ್ಕಾಗಿ ಓದಿದೆವು. ಇದು ಅವರ ತಪ್ಪು ಎಂದು ಹೇಳಲಾರೆ. ಓದುಗರಾದ ನಮ್ಮದೂ ಪಾಲಿದೆ.

ಕಥೆಯನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬ ಪ್ರಶ್ನೆ ಸ್ಟೂ ಅಂಗರ್ ವಿಷಯದಲ್ಲಿ ಅತಿ ಕ್ರೂರವಾಗಿ ಎದುರಾಗುತ್ತದೆ. 1980 ಮತ್ತು 1981ರಲ್ಲಿ ಸತತ ಎರಡು ಸಲ ಗೆದ್ದ ಪ್ರತಿಭಾವಂತ. ಆಮೇಲೆ ಕೊಕೇನ್, ಸಾಲ, ಕುಸಿತ. 1997ರಲ್ಲಿ ಬಿಲ್ಲಿ ಬ್ಯಾಕ್ಸ್‌ಟರ್ ಎಂಬ ಇನ್ನೊಬ್ಬ ಆಟಗಾರ ಶುಲ್ಕ ಕಟ್ಟಿದ್ದರಿಂದ ಅವನು ಕೂತ. ವ್ಯಸನ ಮುಖದ ಮೇಲೆ ಮಾಡಿದ್ದ ಹಾನಿ ಕಾಣದಿರಲೆಂದು ನೀಲಿ ಗಾಜಿನ ಕನ್ನಡಕ ಹಾಕಿದ್ದ. 312 ಜನರನ್ನು ದಾಟಿ, ಫ್ರೀಮಾಂಟ್ ರಸ್ತೆಯ ಬಯಲಿನಲ್ಲಿ ನಡೆದ ಅಂತಿಮ ಆಟದಲ್ಲಿ ಹದಿನಾರು ವರ್ಷಗಳ ನಂತರ ಮತ್ತೆ ಗೆದ್ದ. ಹತ್ತು ಲಕ್ಷ ಡಾಲರ್. ಕಮ್‌ಬ್ಯಾಕ್ ಕಿಡ್ ಎಂದು ಪತ್ರಿಕೆಗಳು ಕೊಂಡಾಡಿದವು.

ಅದರ ಕೊನೆಯ ಕೈಯನ್ನು ಒಮ್ಮೆ ನೋಡಿ. ಅಂಗರ್ ಬಳಿ ಎಕ್ಕ ಮತ್ತು 4, ಎದುರಾಳಿ ಜಾನ್ ಸ್ಟ್ರೆಂಪ್ ಬಳಿ ಎಕ್ಕ ಮತ್ತು 8. ನಾಲ್ಕು ಎಲೆ ಬೀಳುವವರೆಗೂ ಸ್ಟ್ರೆಂಪ್ ಮುಂದಿದ್ದ. ರಿವರ್‌ನಲ್ಲಿ 2 ಬಂದು ಅಂಗರ್‌ಗೆ ಎಕ್ಕದಿಂದ ಐದರವರೆಗೆ ಸಾಲು ಕೂಡಿತು. ಅವನ ರಾಶಿ ದೊಡ್ಡದಿತ್ತು, ಆ ಕೈ ಹೋಗಿದ್ದರೂ ಅವನೇ ಗೆಲ್ಲುತ್ತಿದ್ದನೇನೋ. ಆದರೂ ಗಮನಿಸಬೇಕಾದದ್ದು, 2000ದ 9 ದಂತಕಥೆಯಾಯಿತು, 1997ರ 2 ಆಗಲಿಲ್ಲ. ಅಂಗರ್‌ನ ಮರಳುವಿಕೆಯ ಕಥೆಗೆ ಆ ಎಲೆ ಬೇಡವಾಗಿತ್ತು. ಅಲ್ಲಿ ಪ್ರತಿಭೆ ಗೆಲ್ಲಬೇಕಿತ್ತು, ಎಲೆಯಲ್ಲ.

ಮರುವರ್ಷ ಬ್ಯಾಕ್ಸ್‌ಟರ್ ಮತ್ತೆ ಶುಲ್ಕ ಕಟ್ಟಿದ. ಅಂಗರ್ ಆಡುವ ಸ್ಥಿತಿಯಲ್ಲಿರಲಿಲ್ಲ, ಮೇಜಿಗೆ ಬರಲಿಲ್ಲ. 1998ರ ನವೆಂಬರಿನಲ್ಲಿ ಲಾಸ್ ವೇಗಸ್ಸಿನ ಅಗ್ಗದ ಮೋಟೆಲ್ ಕೋಣೆಯೊಂದರಲ್ಲಿ ತೀರಿಕೊಂಡ. 45 ವರ್ಷ. ಗೆದ್ದ ಹಣದಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಮೇ ತಿಂಗಳಲ್ಲಿ ನಿಲ್ಲಿಸಿದರೆ ಒಂದು ಕಥೆ, ಹದಿನೆಂಟು ತಿಂಗಳು ಮುಂದೆ ಹೋದರೆ ಇನ್ನೊಂದು. ಪಂದ್ಯಾವಳಿಗೆ ಕೊನೆಯ ಕೈ ಅಂತ ಒಂದಿರುತ್ತದೆ, ಆಡುವವನಿಗೆ ಅದು ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

ಇಷ್ಟನ್ನು ಓದುವಾಗ ನನಗೆ ಪದೇ ಪದೇ ನೆನಪಾದದ್ದು ನಳನ ಕಥೆ. ಜೂಜಿನಲ್ಲಿ ಎಲ್ಲ ಕಳೆದುಕೊಂಡು ಜೂಜಿನಲ್ಲೇ ಮರಳಿ ಪಡೆದವನ ಕಥೆ ನಮ್ಮ ನೆನಪಿನಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ; ಕನಕದಾಸರ ‘ನಳಚರಿತ್ರೆ’ ಓದಿದ ಕನ್ನಡಿಗರಿಗಂತೂ ಅದು ಮನೆಯ ಕಥೆ. ನಾವು ಸಾಮಾನ್ಯವಾಗಿ ಮರೆಯುವುದು ಮಹಾಭಾರತದಲ್ಲಿ ಅದನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದನ್ನು. ಪಗಡೆಯಲ್ಲಿ ಸೋತು ಕಾಡಿಗೆ ಬಂದ ಯುಧಿಷ್ಠಿರ, ನನ್ನಷ್ಟು ನಿರ್ಭಾಗ್ಯ ರಾಜ ಇನ್ನೊಬ್ಬ ಇದ್ದಾನೆಯೇ ಎಂದು ಕೇಳುತ್ತಾನೆ. ಅದು ಅಪ್ಪಟ ಬ್ಯಾಡ್ ಬೀಟ್ ಅಳಲು. ಬೃಹದಶ್ವ ಋಷಿ ಎದ್ದು ಹೋಗುವುದಿಲ್ಲ. ಒಂದು ಕಮ್‌ಬ್ಯಾಕ್ ಕಥೆ ಹೇಳುತ್ತಾನೆ. ಆ ಕಥೆಯಲ್ಲಿ ನಳ ಗೆಲ್ಲುವುದು ಎಲೆ ಬಿದ್ದದ್ದರಿಂದಲ್ಲ. ದಾರಿಯಲ್ಲಿ ಋತುಪರ್ಣ ಒಂದು ತಾರೆ ಮರದ ಎಲೆ ಕಾಯಿಗಳ ಸಂಖ್ಯೆಯನ್ನು ನೋಡಿದ ಮಾತ್ರಕ್ಕೆ ಹೇಳುತ್ತಾನೆ. ನಳ ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡುತ್ತಾನೆ. ಸರಿಯಿರುತ್ತದೆ. ಕುದುರೆಯ ವಿದ್ಯೆಗೆ ಬದಲಾಗಿ ಆ ಎಣಿಕೆಯ ವಿದ್ಯೆ, ಅಕ್ಷಹೃದಯ, ಅವನಿಗೆ ಸಿಗುತ್ತದೆ. ತಾರೆಕಾಯಿಯೇ ಆ ಕಾಲದ ದಾಳ ಎಂಬುದನ್ನು ನೆನೆದರೆ ಆ ದೃಶ್ಯದ ಚಂದ ಇಮ್ಮಡಿಯಾಗುತ್ತದೆ. ಸಂಭಾವ್ಯತೆಯ ಇತಿಹಾಸ ಬರೆದ ಇಯಾನ್ ಹ್ಯಾಕಿಂಗ್ ಕೂಡ ಈ ಪ್ರಸಂಗದ ಮುಂದೆ ಒಂದು ಗಳಿಗೆ ನಿಂತಿದ್ದಾರೆ. ಆಮೇಲೆ ನಳ ಪುಷ್ಕರನೆದುರು ಎಲ್ಲವನ್ನೂ ಒಂದೇ ಎಸೆತಕ್ಕೆ ಒಡ್ಡಿ ಗೆಲ್ಲುತ್ತಾನೆ.

ಕಥೆಯ ಕೊನೆಗೆ ಬೃಹದಶ್ವ ಯುಧಿಷ್ಠಿರನಿಗೂ ಅಕ್ಷಹೃದಯವನ್ನು ಕೊಡುತ್ತಾನೆ. ನಮ್ಮ ನಿರೀಕ್ಷೆಯೇನು? ಅವನು ಹಸ್ತಿನಾವತಿಗೆ ಹೋಗಿ ಶಕುನಿಯ ಎದುರು ಕೂರಬೇಕು. ಅವನು ಕೂರುವುದಿಲ್ಲ. ಆ ವಿದ್ಯೆ ಉಪಯೋಗಕ್ಕೆ ಬರುವುದು ವಿರಾಟನ ಮನೆಯಲ್ಲಿ, ಕಂಕನೆಂಬ ಹೆಸರಿನಲ್ಲಿ ರಾಜನ ಬೇಸರ ಕಳೆಯಲು ಪಗಡೆ ಆಡುವ ಕೆಲಸಗಾರನಾಗಿ. ರಾಜ್ಯದ ಪ್ರಶ್ನೆ ಜೂಜಿನ ಹಾಸಿಗೆ ಮರಳಲಿಲ್ಲ. ಕಮ್‌ಬ್ಯಾಕ್ ಕಥೆಯನ್ನು ಕೇಳಿಯೂ ಮತ್ತೆ ಹಾಸಿನೆದುರು ಕೂರದ ಕೇಳುಗನನ್ನು ವೇಗಸ್ಸಿನ ಬರವಣಿಗೆಯಲ್ಲಿ ನಾನು ಇನ್ನೂ ಕಂಡಿಲ್ಲ.

ನನ್ನ ಗೆಳೆಯನಿಗೆ ಇದನ್ನೆಲ್ಲ ಹೇಳುವ ಹೊತ್ತಿಗೆ ಅವನು ಟೂರ್ನಮೆಂಟ್ ಬಿಟ್ಟು ಕ್ಯಾಶ್ ಮೇಜಿಗೆ ಇಳಿದಿದ್ದ. ಗೋಡೆ ದಾಟಿದ್ದ. ಆಗ ಕರ್ನಾಟಕದಲ್ಲಿ ಈ ಆಟಗಳ ಕಾನೂನು ಉಯ್ಯಾಲೆಯಲ್ಲಿತ್ತು: 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದರು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇದು ಕೌಶಲದ ಆಟವೋ ಅದೃಷ್ಟದ ಆಟವೋ ಎಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆ. ‘ಅವನು ಗೆದ್ದ’ ಸರಿಯೋ ‘ಅವನಿಗೆ ಬಂತು’ ಸರಿಯೋ ಎಂಬ ನಮ್ಮ ವಿಭಕ್ತಿಯ ಪ್ರಶ್ನೆಯೇ ಕಪ್ಪು ಕೋಟು ಹಾಕಿಕೊಂಡು ನಿಂತಂತೆ. 2025ರ ಕೇಂದ್ರ ಕಾನೂನು ಆ ಭೇದವನ್ನೇ ಬದಿಗಿಟ್ಟು ಎರಡನ್ನೂ ನಿಷೇಧಿಸಿತು. ಗೆಳೆಯನ ಫೆಲೋಶಿಪ್ ಅದಕ್ಕೆ ಎಷ್ಟೋ ಮೊದಲೇ ಬಂದ ವಾರದಲ್ಲಿ ಖಾಲಿಯಾಗತೊಡಗಿತ್ತು. ನನ್ನಿಂದಲೂ ಒಮ್ಮೆ 6,000 ಪಡೆದ. ಹತ್ತು ದಿನಗಳ ನಂತರ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಅಷ್ಟನ್ನೂ ವಾಪಸು ಕೊಟ್ಟ, ಕೊಡುತ್ತ ಆ ರಾತ್ರಿಯ ಕೈಯನ್ನು ಹೇಳಿದ. ಹಾಸಿಗೆಯ ಮೇಲೆ ಕೂತು ನಾನು ಬಾಯಿ ತೆರೆದು ಕೇಳಿದೆ. ಆಮೇಲೇನಾಯ್ತು, ರಿವರ್‌ನಲ್ಲಿ ಏನು ಬಿತ್ತು ಎಂದು ನಾನೇ ಕೇಳಿದೆ. ಮರುದಿನ ಅದು ನೋಟ್‌ಬುಕ್ಕಿನಲ್ಲಿತ್ತು. ನನ್ನ 6,000 ಅದರಲ್ಲಿರಲಿಲ್ಲ.

ಅವನೀಗ ಆಡುವುದಿಲ್ಲ, ಬೇರೆ ಊರಿನಲ್ಲಿದ್ದಾನೆ. ಈ ಬರಹದ ಕರಡನ್ನು ಅವನಿಗೆ ಕಳಿಸಿ, ಬೇಡವೆಂದರೆ ನಿನ್ನ ಭಾಗ ತೆಗೆಯುತ್ತೇನೆ ಎಂದಿದ್ದೆ. ಅದರ ಬಗ್ಗೆ ಏನೂ ಹೇಳಲಿಲ್ಲ. ಒಂದೇ ಒಂದು ತಿದ್ದುಪಡಿ ಕಳಿಸಿದ: ‘ಸ್ಟ್ರಾಸ್ ಹನ್ನೊಂದು ಸಲ ಡಬಲ್ ಆಗಬೇಕು ಅಂತ ಬರೆದಿದ್ದೀಯ. ಅಷ್ಟು ಬೇಕಿಲ್ಲ ಮಾರಾಯ. ಮೂರು ಜನ ಸೇರಿದ ಕೈ ಗೆದ್ದರೆ ಮೂರು ಪಟ್ಟು ಬರುತ್ತೆ, ನಡುವೆ ಎಲೆ ತೋರಿಸದೆ ಬ್ಲೈಂಡ್ ಕದ್ದದ್ದೂ ಇರುತ್ತೆ. ಎಂಟೊಂಬತ್ತರಲ್ಲೇ ಮುಗಿಯುತ್ತೆ, ಲೆಕ್ಕ ಹಾಕಿ ನೋಡು.’